ಎಲೆಯೊಳಗಿನ ಮ್ಯಾಂಗನೀಸೂ ನಮ್ಮ ಪಾಠವೂ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ನೆನಪುಗಳಿಗೆ ಮೊದಲು ಒಂದು ತಪ್ಪೊಪ್ಪಿಗೆ ಸಲ್ಲಬೇಕಾಗಿದೆ. ಎಲೆಯು ಇಂಗಾಲದ ಡೈಆಕ್ಸೈಡನ್ನು ಒಡೆದು, ಇಂಗಾಲವನ್ನು ಇಟ್ಟುಕೊಂಡು, ಆಮ್ಲಜನಕವನ್ನು ಹೊರಬಿಡುತ್ತದೆಂದು ನಾನು ಎಷ್ಟೋ ವರ್ಷ ಬೋಧಿಸಿದೆ. ನನ್ನ ಗುರುಗಳು ಹೇಳಿದ್ದನ್ನೇ ಹೇಳಿದೆ. ಅದು ತಪ್ಪು. ಆ ಆಮ್ಲಜನಕವು ಬರುವುದು ನೀರಿನಿಂದ. ಅಮೆರಿಕದ ರೂಬೆನ್, ಕಾಮೆನ್ ಮತ್ತು ಸಂಗಡಿಗರು ಭಾರ ಆಮ್ಲಜನಕವುಳ್ಳ ನೀರನ್ನು ಪಾಚಿಗೆ ಕೊಟ್ಟು 1941ರಲ್ಲಿಯೇ ಇದನ್ನು ತೋರಿಸಿದ್ದರು.

ಬಿಸಿಲಿನಲ್ಲಿಟ್ಟ ಕೊಡದ ನೀರು ಕಾಯುತ್ತದೆಯೇ ಹೊರತು ಒಡೆಯುವುದಿಲ್ಲ. ರಾಗಿಯ ಎಲೆಯಲ್ಲಿ ಮಾತ್ರ ಒಡೆಯುವುದು ಹೇಗೆ? ಪತ್ರಹರಿತ್ತಿನ ಹೆಸರು ಹೇಳಿ ನಾವು ಅಧ್ಯಾಪಕರು ಮುಂದೆ ಸಾಗಿಬಿಡುತ್ತೇವೆ. ಪತ್ರಹರಿತ್ತು ಬೆಳಕನ್ನು ಹಿಡಿಯುತ್ತದೆ. ನೀರನ್ನು ಒಡೆಯುವ ಕಾರ್ಯವು ಲೋಹದ ಅಯಾನುಗಳದು: ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ. ನೀರಿನ ಎರಡು ಅಣುಗಳಿಂದ ಆಮ್ಲಜನಕದ ಒಂದು ಅಣು ದೊರೆಯಬೇಕಾದರೆ ನಾಲ್ಕು ಎಲೆಕ್ಟ್ರಾನುಗಳನ್ನು ತೆಗೆಯಬೇಕು. ಬೆಳಕಿನ ಒಂದು ಕಣದಿಂದ ಒಂದೇ ಎಲೆಕ್ಟ್ರಾನು ಕದಲುತ್ತದೆ. ಮ್ಯಾಂಗನೀಸ್ ಗುಂಪು ಹಳ್ಳಿಯ ಸಾಹುಕಾರನಂತೆ ತನ್ನ ಎಲೆಕ್ಟ್ರಾನುಗಳನ್ನು ನಾಲ್ಕು ಕಂತುಗಳಲ್ಲಿ ಕೊಟ್ಟು, ಕೊನೆಗೆ ನಾಲ್ಕನ್ನೂ ನೀರಿನಿಂದ ವಸೂಲು ಮಾಡಿಕೊಳ್ಳುತ್ತದೆ. ಕ್ಯಾಲ್ಸಿಯಂ ತೆಗೆದರೆ ವ್ಯವಹಾರವೇ ನಿಂತುಹೋಗುತ್ತದೆ.

ಫ್ರಾನ್ಸಿನ ಜೋಲಿಯೋ 1969ರಲ್ಲಿ ಕತ್ತಲೆಯಲ್ಲಿದ್ದ ಪಾಚಿಗೆ ಮಿಂಚಿನಂತಹ ಬೆಳಕು ಕೊಟ್ಟು ನೋಡಿದರು. ಮೂರನೆಯ ಮಿಂಚಿಗೆ ಆಮ್ಲಜನಕ ಅತ್ಯಧಿಕ. ಅಲ್ಲಿಂದ ಮುಂದೆ ಪ್ರತಿ ನಾಲ್ಕಕ್ಕೊಮ್ಮೆ. ಮರುವರ್ಷ ಕೋಕ್ ಈ ಲೆಕ್ಕವನ್ನು ಬಿಡಿಸಿದರು: ಕತ್ತಲೆಯಲ್ಲಿರುವಾಗಲೂ ಒಂದು ಕಂತು ಮೊದಲೇ ಸಂದಿರುತ್ತದೆ. ಜಪಾನಿನ ಶೆನ್ ಮತ್ತು ಕಾಮಿಯಾ ಅವರ ತಂಡವು 2011ರಲ್ಲಿ ಬಿಸಿನೀರಿನ ಬುಗ್ಗೆಯ ಸೂಕ್ಷ್ಮಜೀವಿಯಿಂದ ಹರಳು ತಯಾರಿಸಿ, ಕ್ಷ-ಕಿರಣಗಳಿಂದ ಈ ಗುಂಪಿನ ಆಕಾರವನ್ನು ಸ್ಪಷ್ಟವಾಗಿ ಕಂಡಿತು. ಅದು ಸೊಟ್ಟಗಾದ ಕುರ್ಚಿಯಂತಿದೆಯಂತೆ! ನಮ್ಮ ಶಾಲೆಯ ಕುರ್ಚಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನೂ ನಾನು ಕನ್ನಡದಲ್ಲಿಯೇ ಬರೆದಿದ್ದೇನೆ. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಅನೇಕ ತಂದೆತಾಯಿಗಳು, ವಿಜ್ಞಾನವು ಕನ್ನಡದಲ್ಲಿ ನಡೆಯದೆಂದು ಹೇಳಿ ಮಕ್ಕಳನ್ನು ಆರನೆಯ ತರಗತಿಗೇ ಬಿಡಿಸಿಕೊಂಡು ಹೋಗುತ್ತಾರೆ. 2006ರ ಕಾಯಿದೆಯ ಪ್ರಕಾರ ತಮಿಳನ್ನೂ ಕಲಿಯಬೇಕು; ಕಲಿಯಲಿ, ಅದು ನಾವಿರುವ ರಾಜ್ಯದ ಭಾಷೆ. ಇಂಗ್ಲಿಷೂ ಬೇಕು. ಆದರೆ ಅರ್ಥವಾಗದ ಭಾಷೆಯಲ್ಲಿ ಉರು ಹೊಡೆದ ಪಾಠವು ವಿಜ್ಞಾನವಾದೀತೆ? ದೋಷವು ಭಾಷೆಯದೆಂದು ನಾನು ಒಪ್ಪಲಾರೆ. ಪತ್ರಹರಿತ್ತಿನಲ್ಲಿಯೇ ಪಾಠ ನಿಲ್ಲಿಸಿದ ನಾವೇ ಅವರಿಗೆ ಆ ಸಂಶಯವನ್ನು ಕೊಟ್ಟೆವು.

ಗುಲಾಬಿ ಬೆಳೆಯುವ ಮನೆಯ ಮಕ್ಕಳು ನಮ್ಮಲ್ಲಿದ್ದಾರೆ. ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದನ್ನು ಅವರು ನೋಡಿರುತ್ತಾರೆ. ಮ್ಯಾಂಗನೀಸ್ ಕೊರತೆಯ ಲಕ್ಷಣವದು. ಕಬ್ಬಿಣದ ಕೊರತೆಯಲ್ಲಿಯೂ ಹೀಗೆಯೇ ಕಾಣುವುದರಿಂದ ಅವಸರದ ತೀರ್ಮಾನ ಸಲ್ಲದು. ಅಪ್ಪ ಸಿಂಪಡಿಸುವ ಲಘು ಪೋಷಕಾಂಶದ ಪೊಟ್ಟಣದ ಮೇಲಿನ ಆ ಹೆಸರು ಏನು ಮಾಡುತ್ತದೆಂದು ಮಗಳು ಮನೆಯಲ್ಲಿ, ಮನೆಯ ಮಾತಿನಲ್ಲಿ, ಹೇಳಬಲ್ಲವಳಾಗಬೇಡವೆ?

ಮಹೋತ್ಸವದ ನಿಧಿಯಲ್ಲಿ ಕಮಾನಿಗೆ ಹಣ ತೆಗೆದಿರಿಸಿದ್ದಾರೆಂದು ಕೇಳಿದೆ. ಪ್ರಯೋಗಶಾಲೆಗೂ ಸ್ವಲ್ಪ ಉಳಿಸಿರಿ. ಒಂದು ಬೀಕರು, ಆಲಿಕೆ, ಪ್ರನಾಳ, ಕೆರೆಯಿಂದ ತಂದ ಒಂದು ಹಿಡಿ ಹೈಡ್ರಿಲ್ಲ ಸಾಕು. ಗುಳ್ಳೆಗಳು ಏಳತೊಡಗಿದಾಗ, ಇದು ಎಲ್ಲಿಂದ ಬಂತೆಂದು ಮೊದಲು ಮಕ್ಕಳನ್ನೇ ಕೇಳಿರಿ.