ಒಂದೇ ಒಂದು ಅಕ್ಷರದ ತಿದ್ದುಪಡಿ

"ಕೋವಿಡ್ ಲಸಿಕೆ ನಮ್ಮ ವಂಶವಾಹಿಯನ್ನೇ ಬದಲಿಸುತ್ತದಂತೆ!" ಎಂಬ ಮಾತನ್ನು ನಾವೆಲ್ಲ ಒಮ್ಮೆಯಾದರೂ ಕೇಳಿದ್ದೇವೆ. ಭಯಪಡುವ ಮೊದಲು ವಿಷಯವನ್ನು ತಿಳಿದುಕೊಳ್ಳೋಣ.

ನಮ್ಮ ವಂಶವಾಹಿಗಳು ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಡಿಎನ್‌ಎ ರೂಪದಲ್ಲಿ ಭದ್ರವಾಗಿವೆ. ಬೇಕಾದ ಭಾಗದ ನಕಲು ಮಾತ್ರ ಎಂ-ಆರ್‌ಎನ್‌ಎ ಆಗಿ ಹೊರಬರುತ್ತದೆ. ಅದನ್ನು ಓದಿ ಜೀವಕೋಶ ಪ್ರೋಟೀನು ತಯಾರಿಸುತ್ತದೆ. ಕೆಲಸ ಮುಗಿದ ಮೇಲೆ ನಕಲು ನಾಶವಾಗುತ್ತದೆ. ಈ ನಕಲಿನ ಲಿಪಿಗೆ ನಾಲ್ಕೇ ಅಕ್ಷರ: ಅಡಿನೋಸಿನ್, ಗ್ವಾನೋಸಿನ್, ಸಿಟಿಡಿನ್, ಯೂರಿಡಿನ್. ಇವುಗಳನ್ನು ನ್ಯೂಕ್ಲಿಯೊಸೈಡ್ ಎನ್ನುತ್ತಾರೆ.

ಹಂಗೇರಿಯ ಕಟುಕರೊಬ್ಬರ ಮಗಳು ಕತಾಲಿನ್ ಕರಿಕೋ 1985ರಲ್ಲಿ ಗಂಡ ಹಾಗೂ ಪುಟ್ಟ ಮಗಳೊಡನೆ ಅಮೆರಿಕಕ್ಕೆ ಹೋದರು. ಎಂ-ಆರ್‌ಎನ್‌ಎಯಿಂದಲೇ ಔಷಧಿ ಮಾಡಬಹುದೆಂಬುದು ಅವರ ನಂಬಿಕೆ. ಸಂಶೋಧನೆಗೆ ಹಣ ಸಿಗಲಿಲ್ಲ; 1995ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಕೆಳಗಿನ ಹುದ್ದೆಗೆ ಇಳಿಸಿತು. ಅವರು ಕೆಲಸ ಬಿಡಲಿಲ್ಲ.

ತೊಡಕು ಬೇರೆಯೇ ಇತ್ತು. ಪ್ರಯೋಗಾಲಯದಲ್ಲಿ ತಯಾರಿಸಿದ ಆರ್‌ಎನ್‌ಎಯನ್ನು ದೇಹದ ಕಾವಲು ಕೋಶಗಳು ವೈರಿಯೆಂದು ಭಾವಿಸಿ ಉರಿಯೂತ ಎಬ್ಬಿಸುತ್ತಿದ್ದವು. ಆದರೆ ಜೀವಕೋಶದಲ್ಲೇ ಇರುವ ಟಿ-ಆರ್‌ಎನ್‌ಎಗೆ ಈ ಗಲಾಟೆ ಇರಲಿಲ್ಲ. ಕಾರಣ, ಅದರ ಹಲವು ಅಕ್ಷರಗಳನ್ನು ಜೀವಕೋಶವೇ ತುಸು ತಿದ್ದಿರುತ್ತದೆ. ಕರಿಕೋ ಮತ್ತು ಅವರ ಸಹೋದ್ಯೋಗಿ ಡ್ರೂ ವೈಸ್‌ಮನ್ ಯೂರಿಡಿನ್ ಬದಲಿಗೆ ಅದರ ತಿದ್ದಿದ ರೂಪವಾದ ಸ್ಯೂಡೋಯೂರಿಡಿನ್ ಇಟ್ಟು ನೋಡಿದರು. ಕಾವಲುಗಾರರು ಸುಮ್ಮನಾದರು! ಇದು ಪ್ರಕಟವಾದದ್ದು 2005ರಲ್ಲಿ. ಆಗ ಹೆಚ್ಚಿನವರು ಗಮನಿಸಲಿಲ್ಲ. ಹದಿನೈದು ವರ್ಷಗಳ ಬಳಿಕ, ಇದೇ ಜಾತಿಯ ಇನ್ನೊಂದು ತಿದ್ದಿದ ಅಕ್ಷರದಿಂದ ಫೈಜರ್-ಬಯೋಎನ್‌ಟೆಕ್ ಮತ್ತು ಮಾಡರ್ನಾ ಲಸಿಕೆಗಳು ಸಿದ್ಧವಾದವು. 2023ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಹಾಗಾದರೆ ತಿದ್ದಿದ್ದು ಏನನ್ನು? ಲಸಿಕೆಯೊಳಗಿನ ನಕಲಿನ ಅಕ್ಷರವನ್ನು. ನಮ್ಮ ಮೂಲ ಗ್ರಂಥವನ್ನಲ್ಲ. ಆ ನಕಲು ನ್ಯೂಕ್ಲಿಯಸ್‌ನೊಳಗೆ ಹೋಗದೆ, ಹೊರಗೇ ಕೆಲಸ ಮುಗಿಸಿ ಕರಗಿ ಹೋಗುತ್ತದೆ. ಜ್ವರ, ಕೈನೋವು ಬರಬಹುದು. ಅಪರೂಪಕ್ಕೆ, ಮುಖ್ಯವಾಗಿ ಯುವಕರಲ್ಲಿ, ಹೃದಯದ ಸ್ನಾಯುವಿನ ಉರಿಯೂತವೂ ಕಂಡುಬಂದಿದೆ. ಇದನ್ನು ಮುಚ್ಚಿಡಬೇಕಿಲ್ಲ. ಅಂದಹಾಗೆ, ನಮ್ಮ ದೇಶದಲ್ಲಿ ಹೆಚ್ಚಿನವರು ಪಡೆದ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಈ ಬಗೆಯ ಲಸಿಕೆಗಳೇ ಅಲ್ಲ.

ಮುಂದೆ ಇಂಥ ಮಾತು ಕಿವಿಗೆ ಬಿದ್ದರೆ ಗಾಬರಿಯಾಗದಿರೋಣ. ಸಂಶಯವಿದ್ದರೆ ವೈದ್ಯರನ್ನು ಕೇಳೋಣ. ತಿಳಿದದ್ದನ್ನು ಮನೆಯ ಹಿರಿಯರಿಗೂ ಹೇಳೋಣ.