ಹಿಂಬದಿಯಿಲ್ಲದ ಪಟಗಳು

ಪಟ ತೆಗೆಯುವುದು ಈ ಕಾಲದಲ್ಲಿ ಎಲೆಯಡಿಕೆ ಹಾಕಿಕೊಳ್ಳುವುದಕ್ಕಿಂತಲೂ ಸುಲಭವಾಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಹಿಂದೆ ಮನೆಮಂದಿಯೆಲ್ಲ ಮಡಿಸಿಟ್ಟ ಬಟ್ಟೆಯುಟ್ಟು, ಬಸ್ಸು ಹತ್ತಿ ಪೇಟೆಯ ಸ್ಟುಡಿಯೋಕ್ಕೆ ಹೋಗಿ, ಉಸಿರು ಬಿಗಿಹಿಡಿದು ನಿಂತರೆ ಒಂದು ಪಟವಾಗುತ್ತಿತ್ತು. ಇಂದು ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಒಂದೇ ಸಂಜೆಗೆ ಒಬ್ಬೊಬ್ಬರ ಮೊಬೈಲಿನಲ್ಲಿ ಇನ್ನೂರು ಮುನ್ನೂರು ಪಟಗಳು ಸೇರುತ್ತವೆ. ಇದನ್ನು ಕೇಡುಗಾಲವೆಂದು ಹಳಿಯುವವರ ಪಂಕ್ತಿಯಲ್ಲಿ ನಾನು ಕೂರಲಾರೆ. ಕೂಲಿಯವರ ಮಗುವಿಗೂ ನಾಮಕರಣದ ಪಟವಿರುವುದು ಸಂತೋಷದ ಸಂಗತಿಯೇ ಸರಿ. ನನ್ನ ಆಕ್ಷೇಪಣೆ ಬೇರೆ. ಹಳೆಯ ಪಟಕ್ಕೆ ಒಂದು ಹಿಂಬದಿಯಿತ್ತು. ಅಲ್ಲಿ ಯಾರಾದರೊಬ್ಬರು ಮಸಿಯಿಂದ ಹೆಸರು, ಊರು, ವರ್ಷ ಬರೆದಿಡುತ್ತಿದ್ದರು.

ಹೆಗ್ಗಡದೇವನಕೋಟೆ ತಾಲ್ಲೂಕಿನವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ಹಲವು ಹಳ್ಳಿಗಳು ನೀರಿನ ಪಾಲಾದುವು. ಪುನ್ನಾಟ ರಾಜರ ಕೀರ್ತಿಪುರವೆಂದು ಇತಿಹಾಸದ ಪುಸ್ತಕಗಳಲ್ಲಿ ಹೆಸರಾದ ಕಿತ್ತೂರೂ ಅವುಗಳಲ್ಲೊಂದು. ಅಂತಹ ಒಂದು ಮುಳುಗಿದ ಊರು ನಮ್ಮ ಅಜ್ಜಿಯ ತವರು. ಅಲ್ಲಿಂದ ಉಳಿದಿರುವುದು ಅಂಗೈಯಗಲದ ಒಂದೇ ಪಟ. ಅದರ ಹಿಂದೆ ‘ಮಾರಿಹಬ್ಬ, 1968’ ಎಂದೂ, ಎಡದಿಂದ ಐವರ ಹೆಸರೂ, ಕಾಣುವ ಗೋಡೆ ಯಾರ ಮನೆಯದೆಂಬುದೂ ಬರೆದಿವೆ. ಆ ಮೂರು ಸಾಲು ಇಲ್ಲದಿದ್ದರೆ ಐದು ಜನ ಒಂದು ಗೋಡೆಯ ಮುಂದೆ ನಿಂತಿದ್ದಾರೆಂಬುದಕ್ಕಿಂತ ಹೆಚ್ಚೇನೂ ನನಗೆ ತಿಳಿಯುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಹೋದ ವರ್ಷ ಕೃಷ್ಣರಾಜನಗರದಲ್ಲಿ ನಡೆದ ನಮ್ಮ ಚಿಕ್ಕಪ್ಪನ ಮಗಳ ಮದುವೆಯನ್ನು ನೋಡಿ. ಮನೆಯವರ ವಾಟ್ಸಾಪ್ ಗುಂಪಿಗೆ ಸಾವಿರಕ್ಕೂ ಮೇಲ್ಪಟ್ಟು ಪಟಗಳು ಬಂದುವು. ಧಾರೆಯ ಹೊತ್ತಿನಲ್ಲಿ ಸೋಬಾನೆ ಹೇಳಿದ ಮುದುಕಮ್ಮ ಯಾರೆಂದು ಆರು ತಿಂಗಳ ಮೇಲೆ ಕೇಳಿದರೆ ಗುಂಪಿನಲ್ಲಿ ಒಬ್ಬರಿಂದಲೂ ಉತ್ತರವಿಲ್ಲ. ಬೆರಳೆತ್ತಿದ ಗುರುತುಗಳು ಮಾತ್ರ ನಾಲ್ಕು ಬಂದುವು! ಮುಖಗಳನ್ನು ಯಂತ್ರವೇ ಗುರುತಿಸಿ ವಿಂಗಡಿಸುತ್ತದೆಯಲ್ಲ ಎಂದು ಗೆಳೆಯರು ವಾದಿಸುತ್ತಾರೆ. ನಿಜ, ಗೂಗಲ್ ಫೋಟೋಸ್ ಒಂದೇ ಮುಖದ ಪಟಗಳನ್ನೆಲ್ಲ ಒಂದೆಡೆ ಕೂಡಿಸುತ್ತದೆ. ಆದರೆ ಆ ಮುಖ ನಮಗೆ ಏನಾಗಬೇಕೆಂಬುದನ್ನು ಮನುಷ್ಯರೇ ಹೇಳಬೇಕು. ಹಾಗೆ ಹೇಳಲು ಸ್ಥಳವೂ ಇದೆ: ಪ್ರತಿಯೊಂದು ಪಟದ ಕೆಳಗೆ ವಿವರ ಬರೆಯುವ ಒಂದು ಸಾಲುಂಟು. ಅದನ್ನು ತುಂಬಿದವರನ್ನು ನಾನಂತೂ ಕಂಡಿಲ್ಲ.

ಹಂಚುವುದರಲ್ಲಿಯೂ ನಷ್ಟವುಂಟು. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಪಟ ಕುಗ್ಗುತ್ತದೆ. ತೆಗೆದ ದಿನದ ಮತ್ತು ಸ್ಥಳದ ಗುರುತುಗಳೂ ಉದುರಿಹೋಗುತ್ತವೆ. ಅದನ್ನೇ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲದಂತೆಯೇ ತಲಪುತ್ತದೆ. ಇನ್ನು ಗೂಗಲ್ಲಿನ ಉಗ್ರಾಣ. 2021ರ ಜೂನ್ 1ರಿಂದ ಅಲ್ಲಿ ಉಚಿತವಾಗಿ ದೊರೆಯುವುದು ಅಂಚೆಯೂ ಸೇರಿ 15 ಜಿಬಿ ಮಾತ್ರ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸಿಹಾಕುವ ಹಕ್ಕನ್ನೂ ಅವರು ಇಟ್ಟುಕೊಂಡಿದ್ದಾರೆ.

ಈ ಮಾತು ಕೆಲವರಿಗೆ ಅಂಗಡಿಯ ಲೆಕ್ಕದಂತೆ ತೋರಬಹುದು. ಪಿರಿಯಾಪಟ್ಟಣದ ಕಡೆಯ ನನ್ನ ಸಹಪಾಠಿಯೊಬ್ಬನಿಗೆ ಹಾಗೆ ತೋರುವುದಿಲ್ಲ. ಅವನ ತಂದೆ ಹೊಗೆಸೊಪ್ಪಿನ ಬೇಸಾಯಗಾರರು. ಸಸಿ ನೆಟ್ಟಂದಿನಿಂದ ಬ್ಯಾರನ್ನಿನಲ್ಲಿ ಎಲೆ ಹದವಾಗುವವರೆಗೆ ಎಲ್ಲವನ್ನೂ ಪಟ ತೆಗೆಯುವ ಹುಚ್ಚು ಅವರಿಗಿತ್ತಂತೆ. 2021ರಲ್ಲಿ ಕೊರೋನಾದಿಂದ ತೀರಿಕೊಂಡರು. ಮೊಬೈಲಿನ ಬೀಗ ತೆಗೆಯುವ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಆ ಮೊಬೈಲು ಇಂದಿಗೂ ಬೀರುವಿನಲ್ಲಿದೆ; ತಾಯಿ ಅದನ್ನು ಆಗಾಗ ಚಾರ್ಜಿಗೆ ಹಾಕುತ್ತಾರೆ. ತಮ್ಮ ತರುವಾಯ ಖಾತೆಯಲ್ಲಿರುವುದು ಯಾರಿಗೆ ದೊರೆಯಬೇಕೆಂದು ಮೊದಲೇ ಗೊತ್ತುಮಾಡುವ ಏರ್ಪಾಡು ಗೂಗಲ್ಲಿನಲ್ಲಿದೆ. ಹಿರಿಯರಿಗೆ ಅದನ್ನು ಯಾರು ತೋರಿಸಿಕೊಡಬೇಕು? ದಿನವಿಡೀ ಮೊಬೈಲು ಹಿಡಿದಿರುವ ನಾವಲ್ಲವೆ?

ಕೊನೆಯದಾಗಿ ಒಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ನಾಗರಹೊಳೆಯ ಅಂಚಿನ ಹಾಡಿಗಳಿಗೂ, ಕಾಡಿನಿಂದ ಬಂದವರು ನೆಲೆಸಿರುವ ಹುಣಸೂರು ತಾಲ್ಲೂಕಿನ ನಾಗಾಪುರಕ್ಕೂ ಶಿಬಿರವೆಂದೂ ಪ್ರವಾಸವೆಂದೂ ಹೋಗುವ ವಿದ್ಯಾವಂತರು ಜೇನುಕುರುಬರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಟ ತೆಗೆಯುತ್ತಾರೆ. ಒಪ್ಪಿಗೆ ಕೇಳುವುದಿಲ್ಲ. ಸಂಜೆಯೊಳಗೆ ಅದು ಊರಿಗೆಲ್ಲ ತಲಪುತ್ತದೆ. ಆ ಮಗುವಿನ ತಾಯಿಗೆ ಮಾತ್ರ ತಲಪುವುದಿಲ್ಲ. ಬಿಟ್ಟುಬಂದ ನೆಲೆಯ ಒಂದು ಪಟವೂ ಇಲ್ಲದ ಮನೆಯವರಿಗೆ ನಾವು ಮಾಡುವ ಉಪಕಾರ ಇದೇನೆ?

ಆದುದರಿಂದ ಅಧ್ಯಾಪಕರಲ್ಲಿಯೂ ಮಿತ್ರರಲ್ಲಿಯೂ ನನ್ನ ಸೂಚನೆಯಿಷ್ಟು. ಈ ರಜೆಯಲ್ಲಿ ಒಬ್ಬೊಬ್ಬರೂ ಹತ್ತೇ ಪಟಗಳನ್ನು ಆರಿಸಿಕೊಂಡು, ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಅವರು ಹೇಳಿದಂತೆ ಹೆಸರು, ನಂಟು, ಊರುಗಳನ್ನು ಬರೆದುಕೊಳ್ಳೋಣ. ಹಾಡಿಗಳಲ್ಲಿ ತೆಗೆದ ಪಟಗಳು ಯಾರ ಬಳಿಯಿವೆಯೋ ಅವರು ಅವನ್ನು ಕಾಗದಕ್ಕೆ ಇಳಿಸಿ ತರಲಿ. ಮುಂದಿನ ಶಿಬಿರಕ್ಕೆ ಹೋಗುವವರು ಅವನ್ನು ಕೊಂಡೊಯ್ದು, ಮನೆಯವರನ್ನು ಕೇಳಿ ಹಿಂಬದಿಯಲ್ಲಿ ಹೆಸರು ಬರೆದು, ಅವರ ಕೈಗೆ ಕೊಟ್ಟು ಬರಲಿ.