ಬಿಳಿಗುಂಡ್ಲುವಿನ ಲೆಕ್ಕ, ಬೈರಮಂಗಲದ ನೀರು

ಕರ್ನಾಟಕ ಮತ್ತು ತಮಿಳುನಾಡಿನ ಗಡಿಯಲ್ಲಿರುವ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗವು ಕಾವೇರಿಯ ಹರಿವನ್ನು ದಿನವೂ ಅಳೆಯುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಎರಡು ರಾಜ್ಯಗಳ ರಾಜಕಾರಣ ಆ ಅಂಕಿಯ ಸುತ್ತಲೇ ತಿರುಗುತ್ತದೆ. 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನ ಪ್ರಕಾರ ಸಾಧಾರಣ ಮಳೆಯ ವರ್ಷದಲ್ಲಿ ಇಲ್ಲಿ 177.25 ಟಿಎಂಸಿ ನೀರು ಗಡಿ ದಾಟಬೇಕು. ಈ ಸಂಖ್ಯೆ ಮಂಡ್ಯದ ರೈತನಿಗೂ ಗೊತ್ತು, ಸಾವಿರಾರು ಮೈಲಿ ದೂರದಲ್ಲಿ ಕುಳಿತು ಸುದ್ದಿ ಓದುವ ವಲಸಿಗ ಕನ್ನಡಿಗನಿಗೂ ಗೊತ್ತು.

ಗಡಿ ದಾಟುವ ನೀರು ಎಂಥದು ಎಂಬ ಪ್ರಶ್ನೆಗೆ ಮಾತ್ರ ಈ ಹಂಚಿಕೆಯ ಲೆಕ್ಕದಲ್ಲಿ ಜಾಗವಿಲ್ಲ. ಬಿಳಿಗುಂಡ್ಲುವಿಗೆ ಬರುವ ಮುನ್ನ, ಮೇಕೆದಾಟಿನ ಮೇಲ್ಭಾಗದ ಸಂಗಮದಲ್ಲಿ, ಅರ್ಕಾವತಿಯು ಕಾವೇರಿಯನ್ನು ಸೇರುತ್ತದೆ. ಅದಕ್ಕೂ ಮೊದಲೇ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿಯು ಅರ್ಕಾವತಿಯೊಳಗೆ ಬೆರೆತಿರುತ್ತದೆ. ಆ ಹರಿವೂ ಗಡಿಯಲ್ಲಿ ಘನ ಅಡಿಗಳಾಗಿ ಎಣಿಕೆಯಾಗುತ್ತದೆ. ಟಿಎಂಸಿಯ ತಕ್ಕಡಿಯಲ್ಲಿ ಕೊಡಗಿನ ಮಳೆಗೂ ಕೆಂಗೇರಿಯ ಮೋರಿಗೂ ಒಂದೇ ತೂಕ.

ಈ ನೀರಿನ ಸುತ್ತು ವಿಚಿತ್ರವಾದುದು. ಶಿವನಸಮುದ್ರದ ಬಳಿ ಕಾವೇರಿಯಿಂದ ಎತ್ತಿದ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹಂತ ಹಂತವಾಗಿ ಮೇಲಕ್ಕೆ ತಳ್ಳಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಸೇರಿಸುವ ಯೋಜನೆ. ನಗರಕ್ಕೆ ಪೂರೈಸಿದ ನೀರಿನ ಸುಮಾರು ಶೇಕಡ 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಪೂರ್ವದ ಇಳಿಜಾರಿನದು ದಕ್ಷಿಣ ಪಿನಾಕಿನಿಯ ಕಡೆಗೂ ಪಶ್ಚಿಮದ್ದು ವೃಷಭಾವತಿಯ ಮೂಲಕ ಮತ್ತೆ ಕಾವೇರಿಗೂ ಇಳಿಯುತ್ತದೆ. ಬೆಂಗಳೂರು ಸಂಗಮಕ್ಕಿಂತ ಮೇಲಿನ ನೀರನ್ನು ಕುಡಿಯುತ್ತದೆ, ತಾನು ಬಳಸಿದ್ದನ್ನು ಸಂಗಮಕ್ಕೆ ಕಳಿಸುತ್ತದೆ. ಕೆಳಗೆ ಹೊಗೇನಕಲ್ಲಿನಲ್ಲಿ ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ಜನರಿಗಾಗಿ ಅದೇ ನದಿಯಿಂದ ಕುಡಿಯುವ ನೀರು ಎತ್ತಲಾಗುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಇಲ್ಲಿ ತಲೆಕೆಳಗಾಗಿದೆ: ಮಾಡುವವರು ಮೇಲಿನವರು, ಉಣ್ಣುವವರು ಕೆಳಗಿನವರು.

ಹಾಗೆಂದು ನೀರಿನ ಗುಣಮಟ್ಟವನ್ನು ಯಾರೂ ಅಳೆಯುತ್ತಿಲ್ಲ ಎಂದರೆ ತಪ್ಪಾದೀತು. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಜಾರಿಗೆ ಬಂದು ಅರ್ಧ ಶತಮಾನ ಕಳೆದಿದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಗೊತ್ತುಪಡಿಸಿದ ಸ್ಥಳಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಮಾದರಿ ಸಂಗ್ರಹಿಸಿ, ನೀರನ್ನು ‘ಎ’ಯಿಂದ ‘ಇ’ವರೆಗಿನ ಐದು ವರ್ಗಗಳಲ್ಲಿ ಇರಿಸುತ್ತದೆ. ಕೇಂದ್ರ ಮಂಡಳಿಯು 2018ರಲ್ಲಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಪಟ್ಟಿ ಮಾಡಿದಾಗ ಅದರಲ್ಲಿ ಕರ್ನಾಟಕದ 17 ಇದ್ದವು. ಕಾವೇರಿಯ ಜೊತೆಗೆ ಅರ್ಕಾವತಿ, ಕಬಿನಿ, ಶಿಂಷಾ, ಲಕ್ಷ್ಮಣತೀರ್ಥಗಳೂ ಆ ಪಟ್ಟಿಯಲ್ಲಿ ಸೇರಿದ್ದವು. ಆದ್ದರಿಂದ ವಿವಾದವಿರುವುದು ಅಳೆಯಬೇಕೇ ಬೇಡವೇ ಎಂಬುದರಲ್ಲಲ್ಲ. ಎಲ್ಲಿ, ಯಾವಾಗ, ಏನನ್ನು, ಯಾರಿಗಾಗಿ ಅಳೆಯಬೇಕು ಎಂಬುದರಲ್ಲಿ. ಈ ನಾಲ್ಕೂ ತಾಂತ್ರಿಕ ಪ್ರಶ್ನೆಗಳಂತೆ ಕಾಣುತ್ತವೆ. ನಾಲ್ಕೂ ರಾಜಕೀಯ ಪ್ರಶ್ನೆಗಳೇ.

ಎಲ್ಲಿ ಎಂಬುದನ್ನು ಮೊದಲು ನೋಡಬಹುದು. ದೊಡ್ಡ ನದಿಗೆ ಕೊಳೆಯನ್ನು ಅಡಗಿಸಿಕೊಳ್ಳುವ ಶಕ್ತಿಯಿದೆ. ಉಪನದಿಯ ವಿಷ ಮುಖ್ಯ ನದಿಯಲ್ಲಿ ಬೆರೆತೊಡನೆ ತೆಳುವಾಗುತ್ತದೆ, ಅಂಕಿ ಸುಧಾರಿಸುತ್ತದೆ. ಹೊಳೆಗೆ ಸೇರಿದ ಒಟ್ಟು ವಿಷ ಒಂದು ಗ್ರಾಮಿನಷ್ಟೂ ಕಡಿಮೆಯಾಗಿರುವುದಿಲ್ಲ. ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಎಂಬ ಸಾಂದ್ರತೆಯನ್ನು ಹರಿವಿನ ಪ್ರಮಾಣದೊಂದಿಗೆ ಗುಣಿಸಿದಾಗಲಷ್ಟೇ ದಿನಕ್ಕೆ ಎಷ್ಟು ಕಿಲೋ ಮಾಲಿನ್ಯ ಸಾಗಿತು ಎಂಬ ಹೊರೆಯ ಲೆಕ್ಕ ಸಿಗುತ್ತದೆ. ಅದಕ್ಕೆ ಪ್ರತಿಯೊಂದು ಉಪನದಿಯ ಬಾಯಲ್ಲೂ ಹರಿವು ಮತ್ತು ಗುಣಮಟ್ಟ ಎರಡನ್ನೂ ಒಟ್ಟಿಗೆ ಅಳೆಯಬೇಕು. ಕಾವೇರಿಗೆ ಆರತಿ, ವೃಷಭಾವತಿಗೆ ಕಾಂಕ್ರೀಟು ಎಂಬ ಭೇದವು ಭಕ್ತಿಗೆ ಒಪ್ಪಬಹುದು, ಲೆಕ್ಕಕ್ಕೆ ಒಪ್ಪುವುದಿಲ್ಲ.

ಯಾವಾಗ ಎಂಬುದು ಎರಡನೆಯದು. ತಿಂಗಳಿಗೊಂದು ಹಗಲು, ಒಂದು ಬಾಟಲಿಯಲ್ಲಿ ತುಂಬಿದ ನೀರು ಆ ಕ್ಷಣದ ಸಾಕ್ಷಿ ಮಾತ್ರ. ಹಿಂದಿನ ರಾತ್ರಿ ಎರಡು ಗಂಟೆಗೆ ಲೋಹಲೇಪನದ ಘಟಕವೊಂದು ತನ್ನ ತೊಟ್ಟಿಯನ್ನು ಚರಂಡಿಗೆ ಬರಿದು ಮಾಡಿದ್ದರೆ ಆ ಬಾಟಲಿಗೆ ಅದು ಗೊತ್ತಾಗುವುದಿಲ್ಲ. ನೀರಿನ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂದು ಹೇಳುವ ಬಿಒಡಿ ಪರೀಕ್ಷೆಗೇ ಹಲವು ದಿನಗಳು ಹಿಡಿಯುತ್ತವೆ. ವರದಿ ಕೈಸೇರುವ ಹೊತ್ತಿಗೆ ಆ ನೀರು ಯಾರದೋ ಗದ್ದೆಯಲ್ಲಿ ಇಂಗಿರುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಸ್ವಲ್ಪ ಸ್ವಲ್ಪವಾಗಿ ಮಾದರಿ ಹಿಡಿಯುವ ಯಂತ್ರಗಳು ಹೊಸವೂ ಅಲ್ಲ, ಕೈಗೆಟುಕದಷ್ಟು ದುಬಾರಿಯೂ ಅಲ್ಲ.

ಏನನ್ನು ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಅತ್ಯಂತ ಕೆಳಗಿನ ‘ಇ’ ವರ್ಗದಲ್ಲಿ ನೀರಾವರಿ, ಕೈಗಾರಿಕಾ ತಂಪುಗೊಳಿಸುವಿಕೆ ಮತ್ತು ನಿಯಂತ್ರಿತ ತ್ಯಾಜ್ಯ ವಿಲೇವಾರಿ ಮೂರೂ ಒಂದೇ ಸಾಲಿನಲ್ಲಿವೆ. ಅನ್ನ ಬೆಳೆಯುವ ನೀರೂ ಹೊಲಸು ಸುರಿಯುವ ನೀರೂ ಕಡತದಲ್ಲಿ ಒಂದೇ ಜಾತಿ! ಈ ವರ್ಗಕ್ಕೆ ನಿಗದಿಯಾದ ಮಾನದಂಡಗಳು ಆಮ್ಲ-ಕ್ಷಾರೀಯತೆ, ವಿದ್ಯುತ್ ವಾಹಕತೆ, ಸೋಡಿಯಂ ಅನುಪಾತ ಮತ್ತು ಬೋರಾನ್ ಇಷ್ಟೇ. ಅಲ್ಲಿ ಕ್ರೋಮಿಯಂ ಇಲ್ಲ, ನಿಕಲ್ ಇಲ್ಲ, ಸೀಸವಿಲ್ಲ, ಮಲದ ಬ್ಯಾಕ್ಟೀರಿಯಾದ ಮಿತಿಯೂ ಇಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ತ್ಯಾಜ್ಯವನ್ನು ಹೊತ್ತ ತೊರೆಯ ನೀರು ಹೊಲಕ್ಕೆ ಯೋಗ್ಯವೇ ಎಂದು ನಿರ್ಧರಿಸಲು ಈ ಮಾನದಂಡ ಎಷ್ಟು ಸಾಕು ಎಂಬುದನ್ನು ಓದುಗರೇ ಊಹಿಸಬಹುದು.

ಯಾರಿಗಾಗಿ ಎಂಬ ಕೊನೆಯ ಪ್ರಶ್ನೆ ಬಿಡದಿ ಸಮೀಪದ ಬೈರಮಂಗಲಕ್ಕೆ ಕರೆದೊಯ್ಯುತ್ತದೆ. ವೃಷಭಾವತಿಗೆ ಅಡ್ಡಲಾಗಿ 1940ರ ದಶಕದಲ್ಲಿ ಕಟ್ಟಿದ ಅಲ್ಲಿನ ಕೆರೆ ನೀರಾವರಿಗೆಂದೇ ಆದದ್ದು. ಇಂದು ಅದರ ತೂಬು ದಾಟುವ ನೀರು ನೊರೆಯೇಳುತ್ತದೆ. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ರೈತರು ಹಿಪ್ಪುನೇರಳೆ, ಮೇವಿನ ಹುಲ್ಲು, ಬೇಬಿ ಕಾರ್ನ್‌ಗಳಿಗೆ ಹೊರಳಿದ್ದಾರೆ. ಅವರಿಗೆ ಈ ನೀರು ಶಾಪವೂ ಹೌದು, ಬರಗಾಲದಲ್ಲೂ ಬತ್ತದ ಆಸರೆಯೂ ಹೌದು. ನಗರದ ಗ್ರಾಹಕನ ಹಿತದೃಷ್ಟಿಯಿಂದ ಮಾತ್ರ ಪರೀಕ್ಷೆ ನಡೆದರೆ ಅದರ ಫಲಿತಾಂಶ ‘ಈ ಊರಿನ ಬೆಳೆ ಕೊಳ್ಳಬೇಡಿ’ ಎಂಬ ಎಚ್ಚರಿಕೆಯಲ್ಲಿ ಮುಗಿಯುತ್ತದೆ. ವಿಷ ಬಿಟ್ಟವನಿಗೆ ನೋಟಿಸು, ವಿಷ ಉಂಡವನಿಗೆ ಬಹಿಷ್ಕಾರ. ಅಳತೆಯೂ ಅನ್ಯಾಯದ ಸಾಧನವಾಗಬಲ್ಲದು. ಆದ್ದರಿಂದ ತೊರೆಯ ದಂಡೆಯಲ್ಲಿ ಬದುಕುವವರ ಆರೋಗ್ಯ, ಬೆಳೆ ಮತ್ತು ಪರಿಹಾರದ ಹಕ್ಕಿನಿಂದಲೇ ಅಳತೆ ಆರಂಭವಾಗಬೇಕು.

ವೃಷಭಾವತಿ ಕೊಳೆತಿರುವುದು ಮೂಗಿರುವ ಎಲ್ಲರಿಗೂ ಗೊತ್ತು, ಅಳೆಯುವ ಹಣದಲ್ಲಿ ಸಂಸ್ಕರಣಾ ಘಟಕ ಕಟ್ಟುವುದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಘಟಕಗಳು ಬೇಕು, ಹೆಚ್ಚು ಬೇಕು. ಆದರೆ ಕಟ್ಟಿದ ಘಟಕ ರಾತ್ರಿಯೂ ನಡೆಯುತ್ತಿದೆಯೇ, ಚರಂಡಿಯ ನೀರು ನಿಜಕ್ಕೂ ಅದನ್ನು ತಲುಪುತ್ತಿದೆಯೇ ಎಂದು ತಿಳಿಯುವುದು ಅದರ ಕೆಳಗೆ ಹರಿಯುವ ನೀರಿನ ಪರೀಕ್ಷೆಯಿಂದಲೇ. ಕೊಳೆತಿದೆ ಎಂಬುದು ಎಲ್ಲರಿಗೂ ಗೊತ್ತು. ಯಾರಿಂದ, ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲ. ಈ ಅಜ್ಞಾನದ ಲಾಭ ಯಾರಿಗೆ ಸಲ್ಲುತ್ತಿದೆ ಎಂದು ಕೇಳುವುದೇ ರಾಜಕಾರಣದ ಮೊದಲ ಹೆಜ್ಜೆ.

ಪರದೇಶದ ಸ್ವಚ್ಛ ನದಿಗಳ ದಂಡೆಯಲ್ಲಿ ನಡೆದಾಡುವ ಕನ್ನಡಿಗರು ಊರಿನ ಹೊಳೆಯನ್ನು ನೆನೆದು ‘ನಮ್ಮ ಜನವೇ ಹಾಗೆ’ ಎಂದು ನಿಟ್ಟುಸಿರಿಡುವುದುಂಟು. ಇತಿಹಾಸ ಆ ನಿಟ್ಟುಸಿರನ್ನು ಒಪ್ಪುವುದಿಲ್ಲ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದಾಗ, ಅದನ್ನು ಆರಿಸಿದ ನೀರಿನೊಡನೆ ಟನ್‌ಗಟ್ಟಲೆ ಕೀಟನಾಶಕ ರೈನ್ ನದಿಗೆ ಹರಿಯಿತು. ನದಿ ಕೆಂಪಾಯಿತು, ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತು ತೇಲಿದವು. ಕೆಳಗಿನ ಜರ್ಮನಿ ಮತ್ತು ನೆದರ್ಲೆಂಡ್ಸ್‌ಗಳ ಆಕ್ರೋಶದ ಫಲವಾಗಿ ಮರುವರ್ಷವೇ ರೈನ್ ಕ್ರಿಯಾ ಯೋಜನೆ ರೂಪುಗೊಂಡಿತು. ಇಂದು ಬಾಸೆಲ್‌ನ ಕೆಳಗೆ ವೈಲ್ ಆಮ್ ರೈನ್‌ನ ಕೇಂದ್ರದಲ್ಲಿ ಪ್ರತಿದಿನದ ಮಾದರಿ ಪರೀಕ್ಷೆಗೆ ಒಳಗಾಗುತ್ತದೆ. ಅಪರಿಚಿತ ರಾಸಾಯನಿಕ ಕಂಡರೆ ಕೆಳಗಿನ ದೇಶಗಳಿಗೆ ಎಚ್ಚರಿಕೆ ಹೋಗುತ್ತದೆ. ಮೇಲಿನವರ ತಪ್ಪನ್ನು ಕೆಳಗಿನವರು ಪ್ರಶ್ನಿಸುವುದು ಅಲ್ಲಿ ದೇಶದ್ರೋಹವಾಗಲಿಲ್ಲ, ಒಪ್ಪಂದವಾಯಿತು.

ಇಂಗ್ಲೆಂಡಿನ ಅನುಭವ ಇನ್ನೊಂದು ಪಾಠ ಹೇಳುತ್ತದೆ. ಯಾರ್ಕ್‌ಷೈರಿನ ಇಲ್ಕ್ಲಿ ಎಂಬ ಪಟ್ಟಣದ ನಾಗರಿಕರು ವಾರ್ಫ್ ನದಿಯ ನೀರನ್ನು ತಾವೇ ಪರೀಕ್ಷೆಗೆ ಒಳಪಡಿಸಿ ಹೋರಾಡಿದ್ದರಿಂದ 2020ರ ಡಿಸೆಂಬರ್‌ನಲ್ಲಿ ಅಲ್ಲಿನ ನದಿಭಾಗ ಅಧಿಕೃತ ಸ್ನಾನಸ್ಥಳವಾಯಿತು. ಅದರಿಂದಾಗಿ ಋತುವಿನಲ್ಲಿ ನಿಯಮಿತವಾಗಿ ಪರೀಕ್ಷಿಸುವ ಹೊಣೆ ಸರ್ಕಾರದ ಮೇಲೆ ಬಿತ್ತು. ಮೊದಲ ಫಲಿತಾಂಶವೇ ‘ಕಳಪೆ’. 2023ರ ಅಂತ್ಯಕ್ಕೆ ಇಂಗ್ಲೆಂಡಿನ ಎಲ್ಲ ಮಳೆನೀರು-ಕೊಳಚೆ ಹೊರಹರಿವಿನ ಕೊಳವೆಗಳಿಗೂ ಮಾಪಕಗಳು ಬಂದವು. ಆ ಒಂದೇ ವರ್ಷ ಕೊಳಚೆ ಸುಮಾರು 36 ಲಕ್ಷ ಗಂಟೆಗಳ ಕಾಲ ಹರಿದದ್ದು ದಾಖಲಾಯಿತು. ನದಿಗಳು ಅದರಿಂದ ಒಮ್ಮೆಗೇ ಶುಚಿಯಾಗಲಿಲ್ಲ. ಆದರೆ ಖಾಸಗಿ ಜಲಕಂಪನಿಗಳ ಲಾಭದ ಪ್ರಶ್ನೆ ಚುನಾವಣೆಯ ಪ್ರಶ್ನೆಯಾಯಿತು. ಅಂಕಿ ಸಾರ್ವಜನಿಕವಾದಾಗ ಹೊಣೆಯೂ ಸಾರ್ವಜನಿಕವಾಗುತ್ತದೆ.

ಕಾವೇರಿ ಕೊಳ್ಳಕ್ಕೆ ಬೇಕಾದುದು ಇಷ್ಟು: ಪ್ರತಿ ಉಪನದಿಯ ಬಾಯಲ್ಲಿ ಹರಿವಿನೊಂದಿಗೆ ಗುಣಮಟ್ಟದ ನಿರಂತರ ಅಳತೆ, ಭಾರಲೋಹಗಳನ್ನೂ ಮಲದ ಬ್ಯಾಕ್ಟೀರಿಯಾಗಳನ್ನೂ ಒಳಗೊಂಡ ನೀರಾವರಿ ಮಾನದಂಡ, ಫಲಿತಾಂಶವನ್ನು ದಂಡೆಯ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಸರಳ ಕನ್ನಡದಲ್ಲಿ ಪ್ರಕಟಿಸುವ ಕಡ್ಡಾಯ, ಮಿತಿ ಮೀರಿದಾಗ ತನಿಖೆಗೂ ರೈತರ ಪರಿಹಾರಕ್ಕೂ ಗಡುವು ವಿಧಿಸುವ ಕಾನೂನು. ಗಡುವಿಲ್ಲದ ಅಂಕಿ ಬರಿಯ ಕಡತ.

2015ರಲ್ಲಿ ತಮಿಳುನಾಡು ಈ ಮಾಲಿನ್ಯದ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ ಅದನ್ನು ಕರ್ನಾಟಕದ ಮೇಲಿನ ಮತ್ತೊಂದು ದಾಳಿಯೆಂದು ಬಗೆಯುವುದು ಸುಲಭವಿತ್ತು. ಆದರೆ ಆ ದೂರಿನಲ್ಲಿ ಬೈರಮಂಗಲದ ರೈತನ ದೂರೂ ಅಡಗಿದೆ. ಒಂದೇ ತೊರೆ ಇಬ್ಬರ ಹೊಲಕ್ಕೂ ಹೊಲಸನ್ನು ಹೊರುತ್ತಿದೆ. ಬೆಂಗಳೂರಿನ ಬೆಳವಣಿಗೆಯಲ್ಲಿ ದುಡಿಮೆ, ಹೂಡಿಕೆ, ಫ್ಲ್ಯಾಟುಗಳ ಮೂಲಕ ಪಾಲುದಾರರಾದ ವಲಸಿಗ ಕನ್ನಡಿಗರು ಆ ನಗರದ ಕೊಳಚೆಯಲ್ಲೂ ಪಾಲುದಾರರೇ. ತಾವಿರುವ ದೇಶದಲ್ಲಿ ನಲ್ಲಿಯ ನೀರಿನ ವರದಿಯನ್ನು ಹಕ್ಕೆಂದು ಓದುವವರು ಅದೇ ಹಕ್ಕನ್ನು ಬೈರಮಂಗಲಕ್ಕೂ ಕೇಳುವುದು ಔದಾರ್ಯವಲ್ಲ, ಬಾಕಿ ತೀರಿಸುವುದು. ಮುಂದಿನ ಬಾರಿ ಟಿಎಂಸಿಯ ಜಗಳ ಎದ್ದಾಗ, ಎಷ್ಟು ನೀರು ಎಂಬ ಪ್ರಶ್ನೆಯ ಪಕ್ಕದಲ್ಲೇ ಎಂಥ ನೀರು ಎಂದೂ ಕೇಳಬೇಕು. ಅದಕ್ಕೆ ಉತ್ತರ ಕೊಡಬೇಕಾದ್ದು ಮೊದಲು ಬೆಂಗಳೂರು.